ಅಲುಗಿದ ಚಿತ್ರಕ್ಕೆ ಸಹಿ ಹಾಕದವರು

ಆಕೆಯ ಮುಂಗೈಗಳಲ್ಲಿ ಬಳೆಗಳಿರಲಿಲ್ಲ. ದಿನವೂ ಬೆಳಿಗ್ಗೆ ಕಳಚಿಡುತ್ತಿದ್ದ ಬಳೆಗಳ ಜಾಗದಲ್ಲಿ ತೆಳ್ಳನೆಯ ಬಿಳಿ ಗೆರೆಗಳಿದ್ದವು. ಕೊರಳಲ್ಲಿ ಅರಿಸಿನದ ದಾರವೊಂದೇ. ಜಯನಗರದ ಆ ಕೇಂದ್ರದ ಎಂಆರ್‌ಐ ಕೋಣೆಯೊಳಗೆ ಲೋಹ ಒಯ್ಯುವಂತಿರಲಿಲ್ಲ. ಯಂತ್ರ ನಡೆಸುತ್ತಿದ್ದ ಆಕೆಯನ್ನು ಎಲ್ಲರೂ ಸ್ಕ್ಯಾನ್ ಮೇಡಂ ಎನ್ನುತ್ತಿದ್ದರು.

ಎರಡು ಸಾವಿರದ ದಶಕದ ಆರಂಭ. ನಾನು ಎಂ.ಎ. ಓದುತ್ತಿದ್ದೆ. ಐದು ತಿಂಗಳ ಬಸುರಿ ಅಕ್ಕನನ್ನು ಅಲ್ಲಿಗೆ ಕರೆದೊಯ್ದೆವು. ಮಗುವಿನ ಮೆದುಳಿನಲ್ಲಿ ದೋಷವಿರಬಹುದೆಂಬ ಶಂಕೆ. ಬಸಿರನ್ನು ಉಳಿಸಿಕೊಳ್ಳುವುದೋ ಬೇಡವೋ ಎಂಬುದು ಆ ಚಿತ್ರದ ಮೇಲೆ ನಿಂತಿತ್ತು. ಹಿಂದಿನ ಸ್ಕ್ಯಾನಿಂಗಿನಲ್ಲಿ ಮಗು ತಿರುಗಲೆಂದು ಜ್ಯೂಸ್ ಕುಡಿಸಿದ್ದರು. ಅದನ್ನೇ ನೆನಪಿಟ್ಟುಕೊಂಡ ಅಮ್ಮ, ದಾರಿಯಲ್ಲಿ ಎರಡು ಲೋಟ ಕಬ್ಬಿನಹಾಲು ಕುಡಿಸಿಯೇ ಕರೆತಂದಿದ್ದರು.

"ಚೆನ್ನಾಗಾಯ್ತು ಆಂಟಿ! ಒಳಗೆ ಡ್ಯಾನ್ಸ್ ನಡೀತಿದೆ," ಎಂದರು ಮೇಡಂ. ಮಗು ತಲೆ ಹೊರಳಿಸಿದಂತೆಲ್ಲ ಪರದೆಯ ಮೇಲೆ ಮೆದುಳು ಕದಡಿದ ನೀರಾಗುತ್ತಿತ್ತು. "ಫೋಟೋ ತೆಗೆಯೋವಾಗ ತಲೆ ಅಲ್ಲಾಡಿಸಿದ್ರೆ ಎರಡು ಮೂಗು ಬರಲ್ವಾ? ಹಂಗೆ."

ಹಿರಿಯ ವೈದ್ಯರು ಒಳಬಂದರು. "ಸಾಕು, ಪ್ರಿಂಟ್ ಹಾಕಿ. ದೋಷದ ಅನುಮಾನ ಇದೆ ಅಂತ ಬರೀತೀನಿ. ಹೊರಗೆ ಜನ ಕಾಯ್ತಿದಾರೆ."

"ಅನುಮಾನ ಫಿಲ್ಮ್ ಮೇಲೆ ಸಾರ್, ಮಗು ಮೇಲಲ್ಲ. ಇದಕ್ಕೆ ನಾನು ಸೈನ್ ಹಾಕಲ್ಲ."

ಮೇಡಂ ಅಕ್ಕನನ್ನು ಎಡಮಗ್ಗುಲಾಗಿ ಮಲಗಿಸಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು ಕುಳಿತರು. ನಾನು ಬಾಗಿಲಿಗೂ ಬೆಂಚಿಗೂ ನಡುವೆ ಶತಪಥ ಹಾಕುತ್ತಿದ್ದೆ. "ಅಲ್ಲಾಡೋದು ಮಗು ಕೆಲ್ಸ. ಕಾಯೋದು ನಮ್ದು. ನೀವು ಮೊದ್ಲು ಕೂತ್ಕೊಳಿ," ಎಂದು ಗದರಿದರು. ಒಂದೂವರೆ ಗಂಟೆಯ ಬಳಿಕ ಮಗು ಸುಮ್ಮನಾಯಿತು. ಚಿತ್ರ ತಿಳಿಯಾಗಿ ಬಂತು. ಅದೇ ವೈದ್ಯರು, ಅದೇ ಪೆನ್ನಿನಿಂದ, ದೋಷವಿಲ್ಲವೆಂದು ಬರೆದರು.

ತಿಂಗಳ ನಂತರ ಹೋದಾಗ ಮೇಡಂ ಮುಂಬಾಗಿಲಲ್ಲಿ ಟೋಕನ್ ಕೊಡುತ್ತಿದ್ದರು. ಕೈತುಂಬ ಬಳೆ. "ನೋಡಿ, ಈಗ ಹಾಕ್ಕೋಬಹುದು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಹಿ ಹಾಕದ್ದಕ್ಕೆ ಆಕೆಯನ್ನು ಯಂತ್ರದಿಂದ ತೆಗೆದದ್ದು ತಪ್ಪೆಂದು ಆಡಳಿತದವರಿಗೆ ಮೂರು ಪತ್ರ ಬರೆದೆ, ಉತ್ತರವಿಲ್ಲ. ಆಕೆಯ ಜಾಗದಲ್ಲಿ ಕುಳಿತವರು ಎಷ್ಟು ಕದಡಿದ ಚಿತ್ರಗಳಿಗೆ ಸಹಿ ಹಾಕಿದರು? ಅವನ್ನು ನಂಬಿ ಬಸಿರು ಕಳೆದುಕೊಂಡವರಿಗೆ ಯಾರು ಉತ್ತರ ಹೇಳಬೇಕು? ಈ ಪ್ರಶ್ನೆ ಇಂದಿಗೂ ನನ್ನನ್ನು ಕೂರಗೊಡುವುದಿಲ್ಲ.

ಐದಾರು ವರ್ಷಗಳಲ್ಲಿ ಆಕೆ ತೀರಿಕೊಂಡರು. ಬನಶಂಕರಿಯ ಅವರ ಮನೆಯಲ್ಲಿ, ಬಳೆ ತೊಟ್ಟು ಮಲಗಿದ್ದ ಆಕೆಯ ಸುತ್ತ ಅಕ್ಕನ ಮಗಳು ಅತ್ತಿಂದಿತ್ತ ಓಡಾಡುತ್ತಿದ್ದಳು.

"ಸುಮ್ನೆ ನಿಂತ್ಕೊಳೇ," ಎಂದರು ಅಮ್ಮ.

ನಾನು ಅಮ್ಮನ ಕೈ ಹಿಡಿದು ತಡೆದೆ.