ತಮ್ಮನ ಹೆಸರಿನ ಡೋಸು

ಕಾಯಿಲೆ ಬಂದವನನ್ನು ಹುಡುಕಿಕೊಂಡು ದವಾಖಾನೆಯವರು ಮನೆಗೆ ಬಂದರೆ ಅದಕ್ಕೊಂದು ಅರ್ಥವಿದೆ. ಕಾಯಿಲೆ ಬಾರದವನನ್ನು ಹುಡುಕಿಕೊಂಡು ಬಂದರೆ ಅದರ ಹಿಂದೆ ಏನೋ ಮಸಲತ್ತು ಇರಲೇಬೇಕು. ಮೂವತ್ತು ವರ್ಷ ಹುನಗುಂದದ ಕೋರ್ಟಿನಲ್ಲಿ ಗುಮಾಸ್ತನಾಗಿ ಕುಳಿತು ಸಾಕ್ಷಿದಾರರ ಮುಖಗಳನ್ನು ನೋಡಿದವನು ನಾನು. ದೇವರ ಮೇಲೆ ಪ್ರಮಾಣ ಮಾಡಿದ ಮರುಕ್ಷಣವೇ ಸುಳ್ಳು ಹೇಳುವವರನ್ನು ಅಷ್ಟು ಹತ್ತಿರದಿಂದ ಕಂಡವನಿಗೆ, ಪ್ರಮಾಣವನ್ನೂ ಮಾಡದೆ ಬರೀ ಫಾರ್ಮು ಹಿಡಿದು ಬಾಗಿಲಲ್ಲಿ ನಿಂತವರ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ?

ಬಂದವರು ಬಾಗಲಕೋಟೆಯಿಂದ ಒಬ್ಬ ಎಳೆಯ ಡಾಕ್ಟರಮ್ಮ. ಕೊರೊನಾದ ಹೊಸ ರೂಪಾಂತರಿ ಕಾಲಿಟ್ಟು, ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗದ ಸದ್ದಿಗಿಂತ ಕೆಮ್ಮಿನ ಸದ್ದೇ ಹೆಚ್ಚಾಗಿದ್ದ ದಿನಗಳವು. ಮೂರು ವಾರದ ಹಿಂದೆ ನನಗೂ ನನ್ನ ತಮ್ಮನಿಗೂ ಒಂದೇ ದಿನ ಜ್ವರ ಬಂದಿತ್ತು. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಮೂಗಿಗೆ ಕಡ್ಡಿ ಹಾಕಿಸಿಕೊಂಡೆವು. ಅವನಿಗೆ ಪಾಸಿಟಿವ್, ನನಗೆ ನೆಗೆಟಿವ್. ನನ್ನ ಜ್ವರ ಎರಡು ದಿನಕ್ಕೆ ಇಳಿಯಿತು. ಅವನನ್ನು ಬಾಗಲಕೋಟೆಗೆ ಒಯ್ದು ಆಕ್ಸಿಜನ್ ಹಚ್ಚಬೇಕಾಯಿತು. ಈಗ ಮನೆಗೆ ಬಂದು ಪಡಸಾಲೆಯ ಮಂಚದ ಮೇಲೆ ಮಲಗಿದ್ದ. ಅವನು ನೇಯುವ ಮಗ್ಗಕ್ಕೆ ಹಳೆಯ ಧೋತರ ಹೊದಿಸಿತ್ತು.

"ಇವ್ರಿಗೆ ಪಾಸಿಟಿವ್ ಬಂದಿತ್ತು, ನಿಮಗ ನೆಗೆಟಿವ್. ನಮಗ ಇಬ್ರೂ ಬೇಕ್ರಿ," ಎಂದರು ಡಾಕ್ಟರು.

"ನಾ ಯಾಕ ಬೇಕು? ನನಗ ಏನೂ ಆಗಿಲ್ಲ."

"ಅದಕ್ಕ ಬೇಕ್ರಿ."

ಏನೂ ಆಗದಿದ್ದವನನ್ನು ಕರೆದು ಸಹಿ ಹಾಕಿಸಿಕೊಳ್ಳುವ ಪದ್ಧತಿ ಪೊಲೀಸರಲ್ಲಿದೆ. ಅಂಥವನಿಗೆ ಪಂಚ ಎನ್ನುತ್ತಾರೆ. ನಾನು ಕನ್ನಡಕ ಸರಿಪಡಿಸಿಕೊಂಡು ಪಾಟೀಸವಾಲಿಗೆ ಇಳಿದೆ. ಊರು ಯಾವುದು? ಬಾದಾಮಿ. ಔಷಧದ ಕಂಪನಿಯವರು ಕಳಿಸಿದರೋ, ಸರ್ಕಾರದವರೋ? ಕಾಲೇಜಿನವರು. ನನ್ನ ಹೆಸರು ಪೇಪರಿನಲ್ಲಿ ಬರುತ್ತದೆಯೋ? ಬರುವುದಿಲ್ಲ. ಆಕೆ ಪ್ರತಿಯೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟರು. ಇಷ್ಟು ಸಮಾಧಾನದ ಸಾಕ್ಷಿಯನ್ನು ಯಾವ ವಕೀಲನೂ ನಂಬುವುದಿಲ್ಲ.

ಆಮೇಲೆ ಆಕೆ ವಿಷಯ ಬಿಡಿಸಿ ಹೇಳಿದರು. ಜ್ವರ, ಕೆಮ್ಮು ಎಂದು ದವಾಖಾನೆಗೆ ಬಂದವರೆಲ್ಲರ ಲಸಿಕೆಯ ವಿವರ ಬರೆದುಕೊಳ್ಳುತ್ತಾರೆ. ಪಾಸಿಟಿವ್ ಆದವರಲ್ಲಿ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ಎಷ್ಟು, ನೆಗೆಟಿವ್ ಆದವರಲ್ಲಿ ಎಷ್ಟು ಎಂದು ಹೋಲಿಸಿ ನೋಡುತ್ತಾರೆ. ನೆಗೆಟಿವ್ ಕಡೆ ಲಸಿಕೆಯವರು ಹೆಚ್ಚಿದ್ದರೆ ಲಸಿಕೆ ತಡೆಯುತ್ತಿದೆ ಎಂದರ್ಥ. ವೈರಸ್ಸು ವೇಷ ಬದಲಿಸಿದಾಗಲೆಲ್ಲ ಮತ್ತೆ ಮೊದಲಿನಿಂದ ಅಳೆಯಬೇಕು.

ಅಡುಗೆಮನೆಯ ಬಾಗಿಲಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದ ತಮ್ಮನ ಹೆಂಡತಿ, ನನಗಿಂತ ಮೊದಲೇ ಅದನ್ನು ಹಿಡಿದಳು. "ಬಣ್ಣದ್ದೂ ಹಂಗ ಅಲ್ಲೇನ್ರಿ. ಪ್ಯಾಟ್ಯಾಗ ಸಾಬೂನು ಬದಲಾದ್ರ ನೂಲು ಮತ್ತ ತೊಳದ ನೋಡಬೇಕು. ಹೋದ ವರ್ಷ ಗಟ್ಟಿ ಇತ್ತು ಅಂತ ಈ ವರ್ಷ ಕುಂತ್ರ ನಡೀತದೇನು?"

"ಖರೆ ಅಕ್ಕಾರ, ಹಂಗ ಅದ ನೋಡ್ರಿ!" ಎಂದು ಡಾಕ್ಟರು ಹಿಗ್ಗಿದರು.

"ಆದ್ರ ನಮ್ಮ ಮನ್ಯಾಗ ಬಣ್ಣ ಬಿಟ್ತು ನೋಡ್ರಿ," ಎಂದು ಆಕೆ ಮಂಚದ ಕಡೆ ಗದ್ದ ತೋರಿಸಿದಳು. "ಎರಡೂ ಹಾಕಿಸ್ಕೊಂಡ ಮನಷ್ಯಾ."

ಡಾಕ್ಟರ ಹಿಗ್ಗು ಇಳಿಯಿತು. ತಮ್ಮನಿಗೆ ಎಷ್ಟು ಡೋಸು ಆಗಿದೆ ಎಂದು ಕೇಳಿದರು. "ಎರಡು," ಎಂದ ಅವನು, ಕೇಳುವ ಮೊದಲೇ ಉತ್ತರ ಸಿದ್ಧವಿದ್ದವನಂತೆ. ನಾನೂ "ಎರಡು" ಎಂದೆ. ಎರಡೂ ಪ್ರಮಾಣಪತ್ರಗಳನ್ನು ನಾನೇ ಲ್ಯಾಮಿನೇಷನ್ ಮಾಡಿಸಿಟ್ಟಿದ್ದೆ, ತಂದು ಮುಂದಿಟ್ಟೆ. ದಾಖಲೆಗಳು ನಿರ್ದೋಷವಾಗಿದ್ದವು. ಅಷ್ಟು ನಿರ್ದೋಷವಾದ ದಾಖಲೆಗಳ ಬಗ್ಗೆ ನನಗಿರುವ ಅಭಿಪ್ರಾಯವನ್ನು ಆ ಹೊತ್ತಿಗೆ ಯಾರೂ ಕೇಳಲಿಲ್ಲ.

ನಡೆದದ್ದು ಇಷ್ಟು. ಇಳಕಲ್ ಸೀರೆಯ ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸಕ್ಕೆ ಕುಳಿತ ನೇಕಾರ ನಡುವೆ ಏಳುವುದಿಲ್ಲ. ಬೀಗರ ಮನೆಯ ಮದುವೆಯಿರಲಿ, ರೇಷನ್ನಿನ ಸಾಲಿರಲಿ, ಅವನ ಬದಲು ಮನೆಯ ಇನ್ನೊಬ್ಬ ಗಂಡಸು ಹೋಗಿ ಬರುವುದು ನಮ್ಮ ಓಣಿಯ ರೂಢಿ. ತಮ್ಮನ ಎರಡನೇ ಡೋಸಿನ ದಿನ ಅವನು ಸರಿಯಾಗಿ ಕೊಂಡಿಯ ಮೇಲಿದ್ದ. ಮೊದಲನೆಯದಕ್ಕೆ ಎರಡು ದಿನ ತೋಳು ಎತ್ತಲಾಗದೆ ಒದ್ದಾಡಿದ್ದ ಬೇರೆ. "ಅಣ್ಣಾ, ನೀ ಹೋಗಿ ಬಾ," ಎಂದು ತನ್ನ ಆಧಾರ್ ಕಾರ್ಡನ್ನೂ ಮೊಬೈಲನ್ನೂ ನನ್ನ ಕೈಗಿಟ್ಟ.

ನಾನು ಹೋದೆ. ಅಲ್ಲಿ ಕೊಡುವುದು ಸಕ್ಕರೆಯಲ್ಲ, ಸೂಜಿ ಎಂಬ ವ್ಯತ್ಯಾಸ ನನಗೆ ಹೊಳೆಯದೆ ಇರಲಿಲ್ಲ. ಆದರೆ ಹೊರದೇಶದಲ್ಲಿ ಮೂರನೆಯದನ್ನೂ ಹಾಕುತ್ತಿದ್ದಾರೆಂದು ಪೇಪರಿನಲ್ಲಿ ಓದಿದ್ದೆ. ನಮಗೆ ಎರಡಕ್ಕೇ ನಿಲ್ಲಿಸಿದ್ದರ ಹಿಂದೆ ಏನೋ ಇದೆ ಎಂಬ ಗುಮಾನಿಯೂ ಇತ್ತು. ಮುಖದ ಮೇಲೆ ಮಾಸ್ಕು; ಆಧಾರಿನ ಫೋಟೋವಂತೂ ಇಡೀ ತಾಲ್ಲೂಕಿನ ಯಾವ ಗಂಡಸಿಗಾದರೂ ಹೊಂದುವಂತಿತ್ತು. ತಮ್ಮನ ಹೆಸರಿನಲ್ಲಿ ಗಂಭೀರವಾಗಿ ತೋಳು ಒಡ್ಡಿ ಬಂದೆ. ಅಲ್ಲಿಗೆ ನನ್ನ ಮೈಯಲ್ಲಿ ಮೂರು, ಅವನ ಮೈಯಲ್ಲಿ ಒಂದು, ಕಾಗದದ ಮೇಲೆ ಇಬ್ಬರಿಗೂ ಎರಡೆರಡು. ಆಮೇಲೆ ಅವನೇ ಮನಸ್ಸು ಮಾಡಿ ಹೋದರೂ ಕಂಪ್ಯೂಟರು ಒಪ್ಪುವಂತಿರಲಿಲ್ಲ. ಹೆಂಡತಿ ಅಂದು ತವರಿಗೆ ಹೋಗಿದ್ದಳು; ಆಕೆಗೆ ತಿಳಿದರೆ ಮನೆಯಲ್ಲಿ ಉಳಿಗಾಲವಿಲ್ಲ ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದ.

ಡಾಕ್ಟರು ಬರೆದುಕೊಂಡು ಏಳುವ ಮೊದಲು ತಮ್ಮನ ಹೆಂಡತಿಯತ್ತ ತಿರುಗಿದರು. "ಅಕ್ಕಾರ, ನಿಮಗ ಎಷ್ಟು ಆಗ್ಯಾವ?"

"ಒಂದೂ ಇಲ್ಲ. ನನಗ ದಮ್ಮು ಅದ ರೀ."

"ದಮ್ಮು ಇದ್ದಾವ್ರು ಎಲ್ಲಾರಕಿಂತ ಮೊದಲ ಹಾಕಿಸ್ಕೋಬೇಕ್ರಿ. ಓಣಿ ತುಂಬ ಜಡ್ಡು ಹಬ್ಬೇದ."

"ಎರಡು ಹಾಕಿಸ್ಕೊಂಡಾವ್ರಿಗೆ ಆಕ್ಸಿಜನ್ ಹತ್ತಿತು. ನನ್ನ ದಮ್ಮಿಗೆ ಅದೇನ್ ಮಾಡೀತು? ಹೋಗೂದಿದ್ರ ಸೂಜಿ ಚುಚ್ಚಿಸ್ಕೊಳ್ಳದನ ಹೋಗ್ತೇನಿ, ಬಿಡ್ರಿ."

ಇಷ್ಟು ಹೇಳುವುದರೊಳಗೆ ಆಕೆಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಎದೆಯೊಳಗಿನ ಸಿಳ್ಳು ನಾನು ಕುಳಿತಲ್ಲಿಗೆ ಕೇಳಿಸಿತು. ಆಕೆಯ ಲೆಕ್ಕ ಸರಿಯಾಗಿಯೇ ಇತ್ತು. ನಾವು ಕೊಟ್ಟ ಅಂಕಿ ಸುಳ್ಳಾಗಿತ್ತು. ನಾನು ತಮ್ಮನ ಮುಖ ನೋಡಿದೆ. ಅವನು ತೊಲೆಗಳನ್ನು ಎಣಿಸತೊಡಗಿದ್ದ.

"ಅವನಿಗೆ ಎರಡಲ್ಲ, ಒಂದ," ಎಂದೆ.

"ಅಣ್ಣಾ!"

"ಸುಮ್ಮನಿರಲೇ. ಎರಡನೇದ್ದು ನಾ ಹಾಕಿಸ್ಕೊಂಡು ಬಂದೇನಿ ಡಾಕ್ಟರ. ಇವನ ಕಾರ್ಡು, ನನ್ನ ತೋಳು. ನನಗ ಮೂರಾಗ್ಯಾವ."

ಡಾಕ್ಟರ ಪೆನ್ನು ನಿಂತಿತು. ಕಂಡಿಕೆಯೂ ನಿಂತಿತು. ಪಕ್ಕದ ಮನೆಯ ಮಗ್ಗವೂ ಅದೇ ಗಳಿಗೆಯಲ್ಲಿ ನಿಂತದ್ದು, ನಮ್ಮ ಗೋಡೆಗಳು ಎಷ್ಟು ತೆಳುವಾಗಿವೆ ಎಂಬುದನ್ನು ತಿಳಿಸಿತು.

"ಅಂದ್ರ ಇವ್ರು ಎರಡು ಹಾಕಿಸ್ಕೊಂಡು ಬಿದ್ದಾವ್ರಲ್ಲ?" ಎಂದಳು ತಮ್ಮನ ಹೆಂಡತಿ, ತೀರಾ ಮೆಲ್ಲಗೆ.

"ಅಲ್ಲ."

"ದವಾಖಾನ್ಯಾಗ ಆರು ದಿನ ನಾ ಇವ್ರ ಕಾಲ್ದೆಸಿ ಕುಂತಿದ್ದೆ, ಭಾವಾರ. ಆಗ ಬಾಯಿ ಬರ್ಲಿಲ್ಲೇನು ನಿಮಗ?"

ಆಕೆ ಗಂಡನ ಕಡೆ ತಿರುಗಿ, "ಅವತ್ತಿನ ಸೀರಿ ಆದ್ರೂ ಮುಗೀತೇನು?" ಎಂದು ಮಾತ್ರ ಕೇಳಿದಳು. ಅವನು ಗೋಡೆಯ ಕಡೆ ಮಗ್ಗುಲಾದ.

ನನಗೊಂದು ಆಸೆಯಿತ್ತು. ಮೂರು ಡೋಸಿನವನು ನೆಗೆಟಿವ್, ಒಂದು ಡೋಸಿನವನು ಆಕ್ಸಿಜನ್. ಇದಕ್ಕಿಂತ ಒಳ್ಳೆಯ ಪುರಾವೆ ಈ ಡಾಕ್ಟರಿಗೆ ಜಿಲ್ಲೆಯಲ್ಲೆಲ್ಲೂ ಸಿಗದು ಎಂದು. ಹಾಗೆಂದು ಹೇಳಿಯೂ ಬಿಟ್ಟೆ. ಡಾಕ್ಟರು ತಲೆಯಾಡಿಸಿದರು. "ಇಬ್ರ ಮ್ಯಾಲೆ ಏನೂ ಹೇಳಾಕ ಬರೂದಿಲ್ರಿ. ಮೂರು ಹಾಕಿಸ್ಕೊಂಡೂ ಬಿದ್ದಾವ್ರು ಅದಾರ, ಒಂದೂ ಇಲ್ಲದ ಉಳದಾವ್ರೂ ಅದಾರ. ಸಾವಿರ ಮಂದಿ ಕೂಡಿಸಿ ನೋಡಬೇಕು. ಅದ್ರಾಗ ನಿಮ್ಮಂಥಾವ್ರು ಎಷ್ಟು ಮಂದಿ ಅದಾರೋ, ಅದ ನನಗೀಗ ಹೆದರಿಕಿ." ಹಾಗೆನ್ನುತ್ತ ನಮ್ಮಿಬ್ಬರ ಫಾರ್ಮಿನ ಮೇಲೂ ಓರೆಯಾಗಿ ಗೆರೆ ಎಳೆದರು. ಕಾಗದಕ್ಕೂ ಹೇಳಿಕೆಗೂ ತಾಳೆಯಾಗದವರನ್ನು ಹೊರಗಿಡುತ್ತಾರಂತೆ. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಸಾಕ್ಷಿಗಳನ್ನು ತಳ್ಳಿಹಾಕಿದ್ದನ್ನು ಬರೆದುಕೊಂಡವನು ನಾನು. ನನ್ನನ್ನು ತಳ್ಳಿಹಾಕಿದ್ದು ಅದೇ ಮೊದಲು.

"ಈ ಓಣ್ಯಾಗ ಹಿಂಗ ಬದಲಿ ಹೋದಾವ್ರು ಮತ್ತ ಯಾರರ ಅದಾರೇನ್ರಿ?" ಎಂದು ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಪಕ್ಕದ ಮನೆಯ ಮಗ್ಗ ಎಂದೂ ಇಲ್ಲದ ಭರಾಟೆಯಲ್ಲಿ ಬಡಿಯತೊಡಗಿತು.

ತಮ್ಮನ ಹೆಂಡತಿ ಎರಡು ದಿನ ನಮ್ಮಿಬ್ಬರಿಗೂ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಮೂರನೇ ದಿನ ಮುಂಜಾನೆ ಒಳ್ಳೆಯ ಸೀರೆ ಉಟ್ಟು, ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೊರಟು ನಿಂತಳು. ನಾನು ಚಪ್ಪಲಿ ಮೆಟ್ಟಿಕೊಂಡೆ.

"ನೀವೆಲ್ಲಿಗೆ?"

"ಜೋಡಿ ಯಾರರ ಬೇಕಲ್ಲ. ದಮ್ಮು ಹತ್ತಿದ್ರ?"

"ಬರ್ರಿ. ಆದ್ರ ಹೊರಗ ಕುಂಡ್ರಬೇಕು. ನನ್ನ ಕಾರ್ಡು ನಿಮ್ಮ ಕೈಯಾಗ ಕೊಡೂದಿಲ್ಲ."

ದವಾಖಾನೆಯಲ್ಲಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತೆ. ಒಳಗೆ ನರ್ಸಮ್ಮ ಪ್ರತಿಯೊಬ್ಬರಿಗೂ ಮಾಸ್ಕು ಇಳಿಸಲು ಹೇಳಿ, ಫೋಟೋದ ಜೊತೆ ಮುಖ ಹೋಲಿಸಿ ನೋಡುತ್ತಿದ್ದಳು. ಎರಡು ದಿನದಿಂದ ಹೊಸ ನಿಯಮವಂತೆ. ಸಾಲಿನಲ್ಲಿದ್ದ ಮುದುಕನೊಬ್ಬ, "ಯಾವ ಶಾಣ್ಯಾ ಏನ್ ಮಾಡಿದ್ನೋ, ನಮಗ ಈ ತ್ರಾಸ," ಎಂದು ಗೊಣಗಿದ. ನಾನು ಗೋಡೆಯ ಮೇಲಿನ ಸೂಚನಾಫಲಕವನ್ನು ಅಕ್ಷರ ಬಿಡದೆ ಓದಿದೆ.

ತಮ್ಮನ ಹೆಂಡತಿ ಮಾಸ್ಕು ಇಳಿಸಿ ಮುಖ ತೋರಿಸಿದಳು. ಸೂಜಿ ಚುಚ್ಚುವಾಗ ಎಲ್ಲರೂ ಕಣ್ಣು ಅತ್ತ ಹೊರಳಿಸುತ್ತಾರೆ. ಈಕೆ ಸಿರಿಂಜಿನೊಳಗಿನ ಔಷಧ ಪೂರ್ತಿ ಇಳಿಯುವ ತನಕ ಕಣ್ಣು ಕೀಳದೆ ನೋಡಿದಳು. ಅರ್ಧ ಗಂಟೆ ಕೂರಿಸಿಕೊಂಡು ಕಳಿಸಿದರು. ಹೊರಗೆ ಬಂದವಳು ತೋಳಿನ ಮೇಲಿನ ಹತ್ತಿಯನ್ನು ಎತ್ತಿ ನನಗೆ ತೋರಿಸಿದಳು. ಸಾಸಿವೆಯಷ್ಟು ರಕ್ತ ಇತ್ತು.

"ಎರಡನೇದ್ದು ಯಾವಾಗಂತ?" ಎಂದೆ.

"ಮೆಸೇಜು ಬರ್ತದಂತ. ನನ್ನ ಮೊಬೈಲಿಗೆ," ಎಂದು ಆಕೆ ನನಗಿಂತ ಮುಂದೆ ನಡೆದಳು.