ಹಾರ್ನ್ ಒತ್ತಿದರೆ ಮುಂದೆ ಸರಿಯುತ್ತಿದ್ದ ಸೀಟು

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಹುಮನಾಬಾದಿಗೆ ಸೊಸೆಯಾಗಿ ಬಂದೆ. ಅದೇ ವರ್ಷ ಮಾವನವರು ಹೈದರಾಬಾದಿನಿಂದ ಒಂದು ಹಳೆಯ ಅಮೆರಿಕನ್ ಕಾರು ತಂದರು. ಅದರ ಮುಂದಿನ ಸೀಟು ಸೋಫಾದ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ. ಪಕ್ಕದಲ್ಲೊಂದು ಗುಂಡಿ, ಒತ್ತಿದರೆ ಕೆಳಗೆ ಮೋಟಾರು ಗುರುಗುಟ್ಟಿ ಇಡೀ ಸೀಟು ಹಿಂದೆ ಮುಂದೆ ಸರಿಯುತ್ತಿತ್ತು. ಮಾವನವರು ತೊಗರಿ ವ್ಯಾಪಾರಿ. ಅಂಗಡಿಗೆ ಬಂದವರಿಗೆಲ್ಲ ಮೊದಲು ಚಹಾ ಕುಡಿಸಿ, ಆಮೇಲೆ ಸೀಟಿನ ಮೇಲೆ ಕೂರಿಸಿ, ನಾಲ್ಕು ಸಲ ಹಿಂದೆ ಮುಂದೆ ಓಡಾಡಿಸಿ ಕಳಿಸುತ್ತಿದ್ದರು.

ಹೀಗೆ ಓಡಾಡಿಸಿಯೇ ಗುಂಡಿ ಕೆಟ್ಟಿತು. ಮನೆಯ ರೇಡಿಯೋವನ್ನು ತಾವೇ ಬಿಚ್ಚಿ ಜೋಡಿಸುತ್ತಿದ್ದ ಮಾವನವರು ಕಾರಿನ ವೈರುಗಳಿಗೂ ಕೈ ಹಾಕಿದರು. ಸಂಜೆಯವರೆಗೆ ಗುದ್ದಾಡಿದರೂ ಗುಂಡಿ ಕೆಲಸ ಮಾಡಲಿಲ್ಲ. ಆದರೆ ಮೊದಲಿನಿಂದಲೂ ಮೂಕವಾಗಿದ್ದ ಹಾರ್ನ್ ಕೂಗತೊಡಗಿತು. "ಒಂದರೆ ದುರಸ್ತ ಆತಲ್ಲ" ಎಂದು ಕೈ ತೊಳೆದುಕೊಂಡರು.

ಮರುದಿನ ಬಸವಕಲ್ಯಾಣದಲ್ಲಿ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ನಮ್ಮವರು ಕಾರು ನಡೆಸುತ್ತಿದ್ದರು, ಆರಡಿಯ ಆಳು. ಪಕ್ಕದಲ್ಲಿ ರುಮಾಲು ಸುತ್ತಿಕೊಂಡ ಮಾವನವರು. ಹಿಂದೆ ಅತ್ತೆ, ನಾನು, ನಮ್ಮಿಬ್ಬರ ನಡುವೆ ಕರ್ಚಿಕಾಯಿಯ ಬುಟ್ಟಿ. ಬಜಾರು ದಾಟುವಾಗ ಬಂಡಿ, ಸೈಕಲ್ಲು, ಎಮ್ಮೆ ಎಲ್ಲಕ್ಕೂ ಹಾರ್ನ್ ಆಯಿತು. ಊರು ದಾಟುವ ಹೊತ್ತಿಗೆ ಅತ್ತೆ ಕಾಲು ನೀಡಿ ಕೂತಿದ್ದರು.

"ಈ ಕಾರು ಹ್ವಾದಂಗ ಹ್ವಾದಂಗ ದೊಡ್ಡದಾಗಾಕತ್ತದ ನೋಡವ್ವ" ಎಂದು ನನಗೆ ಮೆಲ್ಲಗೆ ಹೇಳಿದರು.

ಅಷ್ಟರಲ್ಲಿ ಮುಂದಿನ ಒಂದು ಎತ್ತಿನ ಬಂಡಿಗೆ ನಮ್ಮವರು ಹಾರ್ನ್ ಮಾಡಿದರು. ಮುಂದಿನ ಸೀಟು ಎರಡು ಬೆರಳಿನಷ್ಟು ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಮಾವನವರ ಎದುರು ಬಾಯಿ ಬಿಡುವ ರೂಢಿ ನನಗಿನ್ನೂ ಆಗಿರಲಿಲ್ಲ. ಅತ್ತೆಯ ಕಿವಿಯಲ್ಲಿ ಹೇಳಿದೆ.

"ಏನ್ರಿ, ಹಾರನ್ ಹೊಡದ್ರ ಸೀಟ್ ಮುಂದ ಹೋಗಾಕತ್ತದಂತ" ಎಂದರು ಅತ್ತೆ.

"ಹುಚ್ಚರಂಗ ಮಾತಾಡಬ್ಯಾಡ. ಹಾರನ್ ಬ್ಯಾರೆ, ಸೀಟ್ ಬ್ಯಾರೆ" ಎಂದ ಮಾವನವರು ಅದನ್ನು ಸಾಬೀತು ಮಾಡಲು ತಾವೇ ಕೈ ಚಾಚಿ ಹಾರ್ನ್ ಒತ್ತಿದರು. ಸೀಟು ಸರಿಯಿತು.

"ಗಾಡಿ ಕುಲುಕಿದ್ದಕ್ಕ ಸರದದ. ನಿಂದರಿಸಿ ಒತ್ತು."

ನಮ್ಮವರು ಗಾಡಿ ನಿಲ್ಲಿಸಿ ಒತ್ತಿದರು. ಮತ್ತೆ ಸರಿಯಿತು.

"ಇನ್ನೊಮ್ಮೆ ಒತ್ತು, ನೋಡಮು."

"ಅಪ್ಪಾ, ಸ್ಟೇರಿಂಗ್ ಹೊಟ್ಟಿಗಿ ಹತ್ತಾಕತ್ತದ್ರಿ" ಎಂದು ನಮ್ಮವರು ದೈನ್ಯದಿಂದ ಹೇಳಿದ ಮೇಲೆಯೇ ಪರೀಕ್ಷೆ ನಿಂತಿತು.

ಅಲ್ಲಿಂದ ಮುಂದೆ ಹಾರ್ನ್ ಬಂದ್. ರಾಜೇಶ್ವರದ ಹತ್ತಿರ ಎಮ್ಮೆಗಳು ರಸ್ತೆಗೆ ಅಡ್ಡ ನಿಂತಾಗ ಮಾವನವರು ಕಿಟಕಿಯಿಂದ ರುಮಾಲು ಸಮೇತ ತಲೆ ಹೊರಗೆ ಹಾಕಿ "ಹೋಯ್, ಸರೀ, ಸರೀ" ಎಂದು ಕೂಗಿದರು. ಎಮ್ಮೆಗಳು ಅವರನ್ನು ನೋಡುತ್ತ ಇನ್ನಷ್ಟು ಹತ್ತಿರ ಬಂದವು.

ನಾದಿನಿಯ ಮನೆಯ ಮುಂದೆ ನಿಂತಾಗ ಅವಳ ಮಾವ ಸ್ವಾಗತಕ್ಕೆ ಬಂದರು. ನಮ್ಮ ಮಾವನವರು ಮೊಣಕಾಲು ತಿಕ್ಕುತ್ತ ಇಳಿದು ನಡೆದದ್ದನ್ನೆಲ್ಲ ವಿವರಿಸಿದರು. ಬೀಗರಿಗೆ ನಂಬಿಕೆ ಬರಲಿಲ್ಲ. "ಖರೇ ಏನು?" ಎನ್ನುತ್ತ ಕಿಟಕಿಯಿಂದ ಕೈ ಹಾಕಿ ಹಾರ್ನನ್ನು ಉದ್ದಕ್ಕೆ ಒತ್ತಿಹಿಡಿದರು. ನಮ್ಮವರು ಇನ್ನೂ ಒಳಗೇ ಇದ್ದರು. ಸೀಟು ತನ್ನ ಕೊನೆ ಮುಟ್ಟಿ ಟಕ್ಕೆಂದು ನಿಂತಿತು. ಅವರನ್ನು ಅಡ್ಡಲಾಗಿ ಎಳೆದು ಹೊರತೆಗೆಯಲು ನಾಲ್ಕು ಜನ ಬೇಕಾದರು. ಅಂಗಿಯ ಗುಂಡಿಗಳು ಒಳಗೇ ಉಳಿದವು.

ಊಟ ಮುಗಿದು ಹೊರಡುವ ಹೊತ್ತಾಯಿತು. ಗಂಡಸರು ಒಬ್ಬೊಬ್ಬರಾಗಿ ಸೀಟು ಹಿಂದಕ್ಕೆ ಒದ್ದರು, ಅದು ಅಲುಗಲಿಲ್ಲ. ನಮ್ಮವರು ಉಸಿರು ಬಿಗಿಹಿಡಿದು ನುಗ್ಗಲು ನೋಡಿದರು, ಒಂದು ತೊಡೆಯಷ್ಟೇ ಹೋಯಿತು.

"ಬಸ್ಸಿಗಿ ಹೋಗಮು ನಡೀರಿ. ಎಮ್ಮಿ ಹಿಂಡೋರ್ಯಾರು?" ಎಂದರು ಅತ್ತೆ.

"ಕಾರಿನಾಗ ಬಂದು ಬಸ್ಸಿನಾಗ ಹೋಗೋದಾ? ಮಂದಿ ಏನಂದಾರು?" ಎಂದರು ಮಾವನವರು.

ನಾನು ಕುಳ್ಳಿ, ಆಗ ಕಡ್ಡಿಯ ಹಾಗಿದ್ದೆ. ಕೊಹಿನೂರಿನ ತವರಿನಲ್ಲಿ ಅಣ್ಣನ ಜೀಪನ್ನು ಹೊಲದ ದಾರಿಯಲ್ಲಿ ನಡೆಸುತ್ತಿದ್ದೆ. ಹೊಸ ಸೊಸೆ ಹೇಳಿಕೊಳ್ಳುವಂಥದ್ದಲ್ಲವೆಂದು ಸುಮ್ಮನಿದ್ದೆ. ಈಗ ಸೆರಗು ಎಳೆದುಕೊಂಡು, ಅತ್ತೆಯ ಕಡೆ ನೋಡುತ್ತ ಹೇಳಿದೆ: "ನಾ ನಡಸ್ತೀನ್ರಿ."

ಮಾವನವರು ನನ್ನನ್ನು ನೋಡಿದರು, ಸೀಟನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಅಳತೆ ತೆಗೆಯುವ ದರ್ಜಿಯ ನೋಟ ಅದು.

"ಕುಂದರು ನೋಡಮು" ಎಂದರು.

ಕೂತೆ. ನನಗಾಗಿಯೇ ಹೊಲಿಸಿದ ಹಾಗೆ ಹೊಂದಿತು. ಅತ್ತೆ ಯಾರ ಮಾತಿಗೂ ಕಾಯದೆ ಹಿಂದೆ ಹತ್ತಿಬಿಟ್ಟರು. ಅವರ ಎರಡೂ ಪಕ್ಕಕ್ಕೆ ಅಪ್ಪ ಮಗ ಕೂತರು. ಸಸ್ತಾಪುರ ಬಂಗ್ಲಾ ಕ್ರಾಸ್ ದಾಟಿ ಡಾಂಬರು ರಸ್ತೆ ಹಿಡಿದ ಮೇಲೆ ನನಗೆ ಎಂಥ ಖುಷಿಯಾಯಿತೆಂದರೆ, ಮನೆ ಇನ್ನಷ್ಟು ದೂರವಿರಬಾರದೇ ಅನ್ನಿಸಿತು. "ಬ್ರೇಕ್ ಹಾಕವ್ವ, ಮುಂದ ತಿರುವದ" ಎಂದು ಮಾವನವರು ನೆಟ್ಟಗಿನ ರಸ್ತೆಯಲ್ಲೂ ಹೇಳುತ್ತಿದ್ದರು. ಅತ್ತೆ ನಿದ್ದೆ ಹೋಗಿದ್ದರು.

ಆಮೇಲೆ ಮೋಟಾರು ಬಿಚ್ಚಿಸಿದೆವು. ಒಳಗಿನ ಹಲ್ಲುಚಕ್ರ ಮುರಿದು ಸಿಕ್ಕಿಕೊಂಡಿತ್ತು. ಅಂಥದ್ದು ಹೈದರಾಬಾದಿನಲ್ಲೂ ಸಿಗಲಿಲ್ಲ. ಸೀಟು ಮುಂದೆಯೇ ಉಳಿಯಿತು, ಕಾರು ನನ್ನ ಕೈಗೆ ಬಂತು. ಮಾವನವರೇ ಮುಂದೆ ನಿಂತು ನನಗೆ ಲೈಸೆನ್ಸ್ ಮಾಡಿಸಿದರು. ತೊಗರಿ ಮಂಡಿಯಲ್ಲಿ ಯಾರಾದರೂ ಹುಬ್ಬೇರಿಸಿದರೆ, "ಏನ್ ಮಾಡಲಿ, ಸೀಟ್ ಆಕಿಗೇ ಹೊಂದತದ" ಎನ್ನುತ್ತಿದ್ದರು.

ಹಾರ್ನಿನ ವೈರು ಕಿತ್ತುಹಾಕಿ, ಅವರು ಬಜಾರಿನಿಂದ ರಬ್ಬರಿನ ಉಂಡೆ ಒತ್ತಿದರೆ ಕೂಗುವ ಒಂದು ಭೋಂಪು ತಂದರು. ಅದನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ತಾವೇ ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ದಾರಿಯಲ್ಲಿ ಬಂಡಿ ಅಡ್ಡ ಬಂದರೆ ಕಿಟಕಿಯ ಹೊರಗೆ ಹಿಡಿದು ಒತ್ತುತ್ತಿದ್ದರು. ನಾನು ಜೋರಾಗಿ ಓಡಿಸಿದರೆ ನನ್ನ ಕಿವಿಯ ಹತ್ತಿರ ತಂದು ಒತ್ತುತ್ತಿದ್ದರು.