ಮೂರನೆಯ ಗದ್ದೆಗಪ್ಪೆ

ಮಾತಿಗೆ ಮುಂಚೆ ನಂಜಪ್ಪ ಮೇಷ್ಟ್ರ ಗಂಟಲಿನಿಂದ ಎರಡು ಸಲ "ಖ್ರ್ರ್, ಖ್ರ್ರ್", ಆಮೇಲೊಂದು "ಟೊಕ್" ಹೊರಡುತ್ತಿತ್ತು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಅವರು ಸೈನ್ಸ್ ಮೇಷ್ಟ್ರು. ಗೋಡೆಗೆ ಹೊಸ ಮೈಸೂರು ರಾಜ್ಯದ ನಕ್ಷೆ ಬಂದ ವರ್ಷ ಸೇರಿದ ನಾನು ಡ್ರಿಲ್ ಮೇಷ್ಟ್ರು. ಹೆಡ್‌ಮಾಸ್ಟರಿಂದ ಹಿಡಿದು ಗಂಟೆ ಹೊಡೆಯುವವನ ತನಕ ಎಲ್ಲರ ದನಿಯನ್ನೂ ಅಣಕಿಸುತ್ತಿದ್ದೆ. ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವನಿಗೂ ಮರೆತುಹೋಗಿತ್ತು.

ಮೇಷ್ಟ್ರಿಗೆ ಗದ್ದೆಗಪ್ಪೆಯ ಹುಚ್ಚು. ಹೆಬ್ಬೆರಳುದ್ದದ, ಮಣ್ಣುಬಣ್ಣದ ಆ ಕಪ್ಪೆಗಳೆಲ್ಲ ನಮ್ಮ ಕಣ್ಣಿಗೆ ಒಂದೇ, ಪುಸ್ತಕಕ್ಕೂ ಒಂದೇ.

"ಬುಕ್ ಬರ್ದೋರು ಸತ್ತ ಕಪ್ಪೆ ನೋಡವ್ರೆ ಕಣಯ್ಯಾ. ಸತ್ ಮ್ಯಾಕೆ ನಾನೂ ನೀನೂ ಒಂದೇಯ. ಬದ್ಕಿದ್ದಾಗ ಕೇಳ್ಬೇಕು" ಎನ್ನುವರು.

ಕೂಗು ಬೇರೆಯಾದರೆ ಜಾತಿಯೂ ಬೇರೆ ಎಂಬುದು ಅವರ ವಾದ. ಇಪ್ಪತ್ತು ಮಳೆಗಾಲ ಬದುವಿನ ಮೇಲೆ ಕೂತು, ಒಂದೇ ಕುಲದ ಎರಡು ಜಾತಿಗಳನ್ನು ಕಿವಿಯಿಂದಲೇ ಬೇರ್ಪಡಿಸಿ ನೋಟ್‌ಬುಕ್ ತುಂಬಿಸಿದ್ದರು. ಮೈಸೂರಿನ ದೊಡ್ಡ ಪ್ರೊಫೆಸರೊಬ್ಬರಿಗೆ ಕಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಕಿವಿ ಮಂದವಾಯಿತು. ಕಡೆಗೊಮ್ಮೆ ತಾಳೆ ನೋಡಲು ನನ್ನನ್ನು ಕರೆದೊಯ್ದರು.

"ನಿನ್ ಬಾಯಿ ಪೋಲಿ, ಕಿವಿ ಚೆಂದಾಗದೆ. ಅವು ಅಂದಂಗೇ ನನ್ ಕಿವೀಗ್ ಅನ್ನು."

ಮಳೆ ನಿಂತ ಮಧ್ಯಾಹ್ನ ಮೊಸಳೆ ಎಂಬ ಊರಿನ ಗದ್ದೆಯಲ್ಲಿ ಕೂತೆವು. ಕೇಳಿದ ಎರಡು ಕೂಗನ್ನೂ ಅವರ ಕಿವಿಗೆ ಬಾಯಿಟ್ಟು ಕೂಗಿದೆ. "ಅದೇಯ, ಅದೇಯ!" ಎಂದು ತೊಡೆ ತಟ್ಟಿಕೊಂಡರು. ಅಲ್ಲಿಗೆ ಸುಮ್ಮನಾಗಿದ್ದರೆ ಅದು ನಾನಾಗುತ್ತಿರಲಿಲ್ಲ. "ಇನ್ನೊಂದದೆ ಸಾ" ಎಂದು, ಮೇಷ್ಟ್ರ ಗಂಟಲನ್ನೇ ಕಪ್ಪೆಯ ಗಾತ್ರಕ್ಕೆ ಇಳಿಸಿ ಖ್ರ್ರ್, ಖ್ರ್ರ್, ಟೊಕ್ ಮಾಡಿದೆ.

ಬೈಯುತ್ತಾರೆಂದು ನಗು ತಡೆದು ಕಾದೆ. ಅವರಿಗೆ ತಮ್ಮ ಸದ್ದು ಗುರುತೇ ಹತ್ತಲಿಲ್ಲ. ಕಣ್ಣು ತುಂಬಿಕೊಂಡರು.

"ಮೂರು! ಇಪ್ಪತ್ತೊರ್ಸ ಈ ಕಿವೀಗ್ ಬೀಳ್ನಿಲ್ವಲ್ಲಯ್ಯಾ. ಈಗ್ ಕಳ್ಸಬಾರ್ದು. ಅದೂ ಕೈಗ್ ಸಿಗ್ಲಿ, ಮೂರ್ನೂ ಒಟ್ಗೆ ಕಳ್ಸಾನ."

ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲೆಲ್ಲಿ ಗದ್ದೆಯೋ ಅಲ್ಲೆಲ್ಲ ನನ್ನನ್ನೂ ಕರೆದುಕೊಂಡು ಅಲೆದರು. ಮಲ್ಲಿಪಟ್ಟಣದಲ್ಲಿ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಆ ಕೂಗನ್ನು ತಾವೇ ಕೂಗಿ ತೋರಿಸಿದರು. ನಾಟಿ ಹಾಕುತ್ತಿದ್ದ ಹೆಂಗಸೊಬ್ಬಳು, "ಇದೇನ್ ಸಾ, ಕಪ್ಪೆ ಇಡ್ಯಾಕ್ ಬಂದ್ರಾ, ಕಪ್ಪೆ ಆಗಾಕ್ ಬಂದ್ರಾ?" ಎಂದಳು. ಗದ್ದೆಯೆಲ್ಲ ನಕ್ಕಿತು. ಕೇಳಿಸದಿದ್ದರೂ ಮೇಷ್ಟ್ರೂ ನಕ್ಕರು. ಅಂದೇ ನಿಜ ಹೇಳಬೇಕಿತ್ತು. ನಾನು ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ, ಅವರು ಕೂತ ಭಂಗಿಯನ್ನು ಮಾಡಿ ತೋರಿಸಿದೆ.

ನಿವೃತ್ತರಾಗಿ ಹಳ್ಳಿಮೈಸೂರು ಸೇರಿದ ಮೇಲೆ ಮೇಷ್ಟ್ರು ಹಾಸಿಗೆ ಹಿಡಿದರು. ನೋಡಲು ಹೋದೆ. ನೋಟ್‌ಬುಕ್ ದಿಂಬಿನ ಪಕ್ಕದಲ್ಲೇ ಇತ್ತು.

"ಸಿಕ್ತೇನಯ್ಯಾ?" ಎಂದರು.

ಅವರ ಕಿವಿಗೆ ಬಾಯಿಟ್ಟು ಹೇಳಿಬಿಟ್ಟೆ: "ಅದು ನಿಮ್ದೇ ಗಂಟ್ಲು ಸಾ. ತಮಾಷೆಗೆ ಮಾಡ್ದೆ. ಇರಾದು ಎರಡೇಯ. ಕಳ್ಸಿಬುಡಿ."

ಅವರ ಮುಖದಲ್ಲಿ ಏನೂ ಕದಲಲಿಲ್ಲ. ಒಳಗಿನಿಂದ ಅವರ ಹೆಂಡತಿ ಸ್ಲೇಟು ತಂದು ನನ್ನ ಕೈಗಿಟ್ಟರು. "ಈಗ ಏನೇನೂ ಕೇಳಾಕಿಲ್ಲ ಕಣಪ್ಪಾ. ಬರ್ದು ತೋರ್ಸು."

ಬಳಪ ಹಿಡಿದೆ. ಮೇಷ್ಟ್ರು ಕತ್ತೆತ್ತಿ ನನ್ನ ಕೈಯನ್ನೇ ನೋಡುತ್ತಿದ್ದರು. "ಹುಡುಕುತ್ತಿದ್ದೇನೆ" ಎಂದು ಬರೆದೆ.

ತಿಥಿಯ ಊಟಕ್ಕೆ ಹೋದಾಗ ಸ್ಲೇಟು ಹಾಸಿಗೆಯ ಜಾಗದಲ್ಲಿ ಗೋಡೆಗೆ ಒರಗಿತ್ತು. ಆ ಅಕ್ಷರವನ್ನು ಮೇಷ್ಟ್ರು ಕಡೆಯ ತನಕ ಯಾರಿಗೂ ಅಳಿಸಗೊಡಲಿಲ್ಲವಂತೆ. ಗಂಜಿ ಬೇಕೇ, ನೀರು ಬೇಕೇ ಎಂದು ಕೇಳಲು ಮನೆಯವರು ಹಿಂಬದಿಯಲ್ಲಿ ಬರೆಯಬೇಕಾಗಿತ್ತಂತೆ.